ಎಫ್. ಮಥಾಯಸ್ ಅಲೆಕ್ಸಾಂಡರ್

ಫ್ರೆಡರಿಕ್ ಮಥಾಯಸ್ ಅಲೆಕ್ಸಾಂಡರ್ (20 ಜನವರಿ 1869 – 10 ಅಕ್ಟೋಬರ್ 1955) ಆಸ್ಟ್ರೇಲಿಯಾ ಮೂಲದ ಕಾವ್ಯವಾಚನ ಕಲಾವಿದರು, ಶಿಕ್ಷಕರು ಹಾಗೂ ಲೇಖಕರು. ದೇಹವನ್ನು ಬಳಸುವ ರೀತಿಯಲ್ಲಿ ಬೇರೂರಿದ ಹಾನಿಕರ ಅಭ್ಯಾಸಗಳನ್ನು ಗುರುತಿಸಿ ತಡೆಯುವುದನ್ನು ಕಲಿಸುವ 'ಅಲೆಕ್ಸಾಂಡರ್ ತಂತ್ರ'ದ ಪ್ರವರ್ತಕರೆಂದು ಇವರು ಪ್ರಸಿದ್ಧರಾಗಿದ್ದಾರೆ. ವೇದಿಕೆಯ ಮೇಲೆ ತಮ್ಮ ಧ್ವನಿಯೇ ಕೈಕೊಟ್ಟಾಗ ಅದಕ್ಕೆ ಕಾರಣ ಹುಡುಕುತ್ತ ಹೊರಟ ಅವರು ರೂಪಿಸಿದ ಈ ವಿಧಾನವು ಇಂದು ಗಾಯಕರು, ವಾದ್ಯಗಾರರು ಮತ್ತು ನಟರ ಶಿಕ್ಷಣದಲ್ಲಿ ಬಳಕೆಯಲ್ಲಿದೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಮತ್ತು ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್, ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆ ಮೊದಲಾದ ಸಂಸ್ಥೆಗಳಲ್ಲಿ ಇದನ್ನು ಕಲಿಸಲಾಗುತ್ತದೆ.

ಜನನ ಮತ್ತು ಬಾಲ್ಯ

ಅಲೆಕ್ಸಾಂಡರ್ ಅವರು ಅಂದು ಬ್ರಿಟಿಷ್ ವಸಾಹತಾಗಿದ್ದ ಟ್ಯಾಸ್ಮೇನಿಯಾ ದ್ವೀಪದ ವಾಯುವ್ಯ ಕರಾವಳಿಯಲ್ಲಿ, ವಿನ್‌ಯಾರ್ಡ್ ಸಮೀಪದ ಟೇಬಲ್ ಕೇಪ್ ಎಂಬಲ್ಲಿ ಜನಿಸಿದರು. ತಂದೆ ಜಾನ್ ಅಲೆಕ್ಸಾಂಡರ್ ಕಮ್ಮಾರರು, ತಾಯಿ ಬೆಟ್ಸಿ. ದಂಪತಿಗಳ ಮಕ್ಕಳಲ್ಲಿ ಇವರೇ ಹಿರಿಯರು. 1830ರಲ್ಲಿ ಇಂಗ್ಲೆಂಡಿನ ಕೃಷಿಕಾರ್ಮಿಕರು ಒಕ್ಕಣೆ ಯಂತ್ರಗಳನ್ನು ಒಡೆದುಹಾಕಿದ ದಂಗೆಯಲ್ಲಿ ಪಾಲ್ಗೊಂಡು ಗಡೀಪಾರಾದವರಲ್ಲಿ ಇವರ ಅಜ್ಜ ಮಥಾಯಸ್ ಕೂಡ ಒಬ್ಬರು.

ಅವಧಿಗೆ ಮುನ್ನವೇ ಹುಟ್ಟಿದ ಅಲೆಕ್ಸಾಂಡರ್ ಬಾಲ್ಯದಲ್ಲಿ ದುರ್ಬಲರಾಗಿದ್ದರು. ಉಸಿರಾಟದ ತೊಂದರೆ ಅವರನ್ನು ಆಗಾಗ್ಗೆ ಕಾಡುತ್ತಿತ್ತು. ಕುದುರೆಗಳ ನಡುವೆ ಬೆಳೆದ ಅವರಿಗೆ ಕುದುರೆಗಳ ಮೇಲಿನ ಒಲವು ಜೀವನಪರ್ಯಂತ ಉಳಿಯಿತು. ಊರಿನ ಶಾಲೆಯ ಸ್ಕಾಟಿಷ್ ಉಪಾಧ್ಯಾಯರಿಂದ ಅವರಿಗೆ ಷೇಕ್ಸ್‌ಪಿಯರನ ನಾಟಕಗಳ ಪರಿಚಯವಾಯಿತು.

ಹದಿಹರೆಯದಲ್ಲಿಯೇ ಅವರು ವಾರಟಾ ಪಟ್ಟಣದ ಮೌಂಟ್ ಬಿಶಾಫ್ ತವರದ ಗಣಿ ಕಂಪನಿಯಲ್ಲಿ ಗುಮಾಸ್ತರಾಗಿ ಸೇರಿದರು. ಬಿಡುವಿನ ವೇಳೆಯಲ್ಲಿ ಪಿಟೀಲನ್ನು ಸ್ವಯಂ ಕಲಿತರು. ಹವ್ಯಾಸಿ ನಾಟಕಗಳಲ್ಲಿ ಪಾತ್ರ ವಹಿಸಿದರು. ಸುಮಾರು 1889ರಲ್ಲಿ, ಕೂಡಿಟ್ಟ ಹಣದೊಂದಿಗೆ ಮೆಲ್ಬರ್ನ್ ನಗರಕ್ಕೆ ತೆರಳಿ, ಕೆಲವು ತಿಂಗಳು ನಾಟಕ, ಸಂಗೀತ ಕಛೇರಿ ಮತ್ತು ಚಿತ್ರಶಾಲೆಗಳನ್ನು ನೋಡುತ್ತ ಕಳೆದರು. ಹಣ ಮುಗಿದ ಮೇಲೆ ಕಚೇರಿಗಳಲ್ಲಿ ಕೆಲಸ ಮಾಡುತ್ತಲೇ ವಾಚನಕಲೆಯನ್ನು ಅಭ್ಯಾಸ ಮಾಡಿ, ಕ್ರಮೇಣ ಅದನ್ನೇ ವೃತ್ತಿಯಾಗಿ ಕೈಗೊಂಡರು.

ಧ್ವನಿಯ ತೊಂದರೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಬ್ಬನೇ ಕಲಾವಿದ ವೇದಿಕೆಯ ಮೇಲೆ ನಿಂತು ನಾಟಕ ಮತ್ತು ಕಾವ್ಯಭಾಗಗಳನ್ನು ಅಭಿನಯಸಹಿತ ವಾಚಿಸುವ ಕಲೆ ಜನಪ್ರಿಯವಾಗಿತ್ತು. ಧ್ವನಿವರ್ಧಕವಿಲ್ಲದ ಸಭಾಂಗಣದ ಕೊನೆಯ ಸಾಲಿನವರೆಗೂ ಕಲಾವಿದನ ಕಂಠ ತಲುಪಬೇಕಾಗಿತ್ತು. ಅಲೆಕ್ಸಾಂಡರ್ ಹೆಸರು ಗಳಿಸುತ್ತಿದ್ದ ಸಮಯದಲ್ಲೇ ಅವರ ಧ್ವನಿ ಗೊಗ್ಗರಾಗತೊಡಗಿತು. ಉಸಿರು ಎಳೆದುಕೊಳ್ಳುವ ಸದ್ದು ಸಭಿಕರಿಗೂ ಕೇಳಿಸುತ್ತಿತ್ತು. ವೈದ್ಯರು ಧ್ವನಿಗೆ ವಿಶ್ರಾಂತಿ ಕೊಡಲು ಸೂಚಿಸಿದರು. ವಿಶ್ರಾಂತಿಯಿಂದ ಗಂಟಲು ಸುಧಾರಿಸಿತಾದರೂ, ಮುಂದಿನ ಪ್ರದರ್ಶನ ಮುಗಿಯುವ ಮುನ್ನವೇ ಧ್ವನಿ ಮತ್ತೆ ಕಟ್ಟಿಹೋಯಿತು.

ಈ ಅನುಭವದಿಂದ ಅವರು ಒಂದು ತೀರ್ಮಾನಕ್ಕೆ ಬಂದರು. ವಿಶ್ರಾಂತಿಯಲ್ಲಿ ಸರಿಯಿದ್ದ ಕಂಠ ವಾಚನದ ಅವಧಿಯಲ್ಲೇ ಕೆಡುವುದಾದರೆ, ದೋಷವಿರುವುದು ಕಂಠದಲ್ಲಲ್ಲ, ವಾಚಿಸುವಾಗ ತಾವು ಮಾಡುತ್ತಿರುವ ಯಾವುದೋ ಕ್ರಿಯೆಯಲ್ಲಿ. ಆ ಕ್ರಿಯೆ ಯಾವುದೆಂದು ವೈದ್ಯರು ಹೇಳಲಾರದೆ ಹೋದಾಗ, ಅದನ್ನು ತಾವೇ ಕಂಡುಹಿಡಿಯಲು ನಿರ್ಧರಿಸಿದರು.

ಕನ್ನಡಿಯ ಮುಂದಿನ ಪ್ರಯೋಗಗಳು

ಅಲೆಕ್ಸಾಂಡರ್ ಕನ್ನಡಿಯ ಮುಂದೆ ನಿಂತು, ಮೊದಲು ಸಾಮಾನ್ಯವಾಗಿ ಮಾತನಾಡುವಾಗ, ಅನಂತರ ವಾಚಿಸುವಾಗ ತಮ್ಮನ್ನು ಗಮನಿಸತೊಡಗಿದರು. ವಾಚಿಸಲು ಆರಂಭಿಸಿದೊಡನೆ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತಿದ್ದವು: ತಲೆ ಹಿಂದಕ್ಕೆ ಎಳೆಯಲ್ಪಡುತ್ತಿತ್ತು, ಧ್ವನಿಪೆಟ್ಟಿಗೆ ಕೆಳಕ್ಕೆ ಒತ್ತಲ್ಪಡುತ್ತಿತ್ತು, ಉಸಿರು ಬಾಯಿಯ ಮೂಲಕ ಸದ್ದಿನೊಂದಿಗೆ ಒಳಸೇರುತ್ತಿತ್ತು. ಸೂಕ್ಷ್ಮವಾಗಿ ನೋಡಿದಾಗ, ಇವೇ ದೋಷಗಳು ಅಲ್ಪ ಪ್ರಮಾಣದಲ್ಲಿ ದಿನನಿತ್ಯದ ಮಾತಿನಲ್ಲೂ ಕಂಡುಬಂದವು.

ಉಸಿರು ಎಳೆಯುವುದನ್ನಾಗಲಿ ಧ್ವನಿಪೆಟ್ಟಿಗೆಯನ್ನು ಒತ್ತುವುದನ್ನಾಗಲಿ ನೇರವಾಗಿ ನಿಲ್ಲಿಸಲು ಅವರಿಗೆ ಸಾಧ್ಯವಾಗಲಿಲ್ಲ. ತಲೆ ಹಿಂದಕ್ಕೆ ಹೋಗುವುದನ್ನು ಸ್ವಲ್ಪಮಟ್ಟಿಗೆ ತಡೆದಾಗ ಮಾತ್ರ ಉಳಿದೆರಡೂ ದೋಷಗಳು ಕಡಿಮೆಯಾದವು. ತಲೆ, ಕುತ್ತಿಗೆ ಮತ್ತು ಬೆನ್ನುಗಳ ಪರಸ್ಪರ ಸಂಬಂಧವೇ ಇಡೀ ದೇಹದ ಚಲನೆಯನ್ನು ಪ್ರಭಾವಿಸುತ್ತದೆ ಎಂಬ ಅವರ ಮುಂದಿನ ಸಿದ್ಧಾಂತಕ್ಕೆ ಇದು ಆಧಾರವಾಯಿತು. ತೊಂದರೆ ಗಂಟಲಿಗೆ ಸೀಮಿತವಾಗಿರಲಿಲ್ಲವೆಂಬುದೂ ಕ್ರಮೇಣ ತಿಳಿಯಿತು. ವಾಚಿಸುವಾಗ ಅವರು ಎದೆಯನ್ನು ಎತ್ತಿ, ಬೆನ್ನನ್ನು ಕುಗ್ಗಿಸಿ, ಕಾಲ್ಬೆರಳುಗಳಿಂದ ನೆಲವನ್ನು ಬಿಗಿಹಿಡಿಯುತ್ತಿದ್ದರು. ಪಾದಗಳಿಂದ ನೆಲವನ್ನು ಹಿಡಿದು ನಿಲ್ಲಬೇಕೆಂದು ಅವರಿಗೆ ಹಿಂದೆ ಗುರುಗಳೊಬ್ಬರು ಕಲಿಸಿದ್ದರು. ಒಳ್ಳೆಯದೆಂದು ಕಲಿತ ಪಾಠವೇ ದೋಷದ ಭಾಗವಾಗಿತ್ತು.

ಅನಂತರ ದೊರೆತ ಫಲಿತಾಂಶ ಅವರಿಗೇ ಅಚ್ಚರಿ ತಂದಿತು. ವಾಚಿಸುವಾಗ ತಲೆಯನ್ನು ಮುಂದಕ್ಕೆ ಮತ್ತು ಮೇಲಕ್ಕೆ ಇಟ್ಟುಕೊಂಡಿದ್ದೇನೆಂದು ಅವರು ನಂಬಿದ್ದರು. ಇನ್ನೆರಡು ಕನ್ನಡಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ತಲೆ ಹಿಂದಕ್ಕೇ ಹೋಗುತ್ತಿರುವುದು ಕಂಡಿತು. ಬಹುಕಾಲದ ರೂಢಿಯು ಮನುಷ್ಯನಿಗೆ ಸಹಜವೆಂದೂ ಸರಿಯೆಂದೂ ತೋರುತ್ತದೆ. ನಿಜವಾಗಿ ಸರಿಯಾದ ಚಲನೆ ಅಪರಿಚಿತವಾದ್ದರಿಂದ ತಪ್ಪೆಂದು ತೋರುತ್ತದೆ. ಹೀಗಾಗಿ ದೇಹದ ಸ್ಥಿತಿಯ ಬಗ್ಗೆ ಒಳಗಿನಿಂದ ಉಂಟಾಗುವ ಅನಿಸಿಕೆಯನ್ನು ಪೂರ್ಣವಾಗಿ ನಂಬುವಂತಿಲ್ಲ ಎಂದು ಅವರು ನಿರ್ಣಯಿಸಿದರು.

ಅನಿಸಿಕೆಯನ್ನು ನಂಬಲಾಗದಿದ್ದರೆ ತಿದ್ದಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಮುಂದೆ ಬಂತು. ಇದಕ್ಕೆ ಅವರು ಕಂಡುಕೊಂಡ ಕ್ರಮ ಹೀಗಿತ್ತು: ಒಂದು ವಾಕ್ಯವನ್ನು ನುಡಿಯಬೇಕೆಂಬ ಪ್ರಚೋದನೆ ಬಂದೊಡನೆ ಅದಕ್ಕೆ ಪ್ರತಿಕ್ರಿಯಿಸದೆ ತಡೆಯುವುದು, ಆ ವಿರಾಮದಲ್ಲಿ ಕುತ್ತಿಗೆ ಸಡಿಲವಾಗಿರಲಿ, ತಲೆ ಮುಂದಕ್ಕೂ ಮೇಲಕ್ಕೂ ಸಾಗಲಿ, ಬೆನ್ನು ಉದ್ದವಾಗಿ ಅಗಲವಾಗಲಿ ಎಂಬ ಸೂಚನೆಗಳನ್ನು ಮನಸ್ಸಿನಲ್ಲಿ ಕೊಟ್ಟುಕೊಳ್ಳುವುದು, ಕೊನೆಯ ಕ್ಷಣದಲ್ಲಿ ವಾಕ್ಯವನ್ನು ನುಡಿಯುವುದೋ, ಕೈ ಎತ್ತುವಂತಹ ಬೇರೊಂದು ಕೆಲಸ ಮಾಡುವುದೋ, ಅಥವಾ ಏನನ್ನೂ ಮಾಡದಿರುವುದೋ ಎಂಬುದನ್ನು ಹೊಸದಾಗಿ ನಿರ್ಧರಿಸುವುದು. ದೀರ್ಘಕಾಲದ ಇಂತಹ ಸಾಧನೆಯಿಂದ ಅವರ ಧ್ವನಿ ಸುಧಾರಿಸಿತು. ಬಾಲ್ಯದಿಂದ ಕಾಡುತ್ತಿದ್ದ ಉಸಿರಾಟದ ತೊಂದರೆಯೂ ಕಡಿಮೆಯಾಯಿತು.

ಬೋಧನೆಯ ಆರಂಭ

1890ರ ದಶಕದಲ್ಲಿ ಅಲೆಕ್ಸಾಂಡರ್ ಮೆಲ್ಬರ್ನಿನಲ್ಲಿ ಧ್ವನಿ ಮತ್ತು ಉಸಿರಾಟದ ಶಿಕ್ಷಣ ನೀಡಲಾರಂಭಿಸಿದರು. ತಮ್ಮ ಆಲ್ಬರ್ಟ್ ರೆಡನ್ ಅಲೆಕ್ಸಾಂಡರ್ ಈ ಕೆಲಸದಲ್ಲಿ ಅವರಿಗೆ ಜೊತೆಯಾದರು. ಬಾಯಿಮಾತಿನ ವಿವರಣೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಹಳೆಯ ರೂಢಿಗೆ ತಕ್ಕಂತೆ ಅರ್ಥೈಸಿಕೊಳ್ಳುವುದನ್ನು ಕಂಡು, ಕೈಗಳಿಂದ ಮೃದುವಾಗಿ ಮುಟ್ಟಿ ಮಾರ್ಗದರ್ಶನ ಮಾಡುವ ಕ್ರಮವನ್ನು ಕ್ರಮೇಣ ಬೆಳೆಸಿಕೊಂಡರು. ಮುಂದೆ ಸಿಡ್ನಿಗೆ ತೆರಳಿ ಅಲ್ಲಿ ನಾಟಕ ಮತ್ತು ಸಂಗೀತನಾಟಕದ ಶಾಲೆಯೊಂದರ ನಿರ್ದೇಶಕರಾದರು. ಅವರ ಕೆಲಸವನ್ನು ಮೆಚ್ಚಿದ ಸಿಡ್ನಿಯ ಶಸ್ತ್ರವೈದ್ಯ ಡಬ್ಲ್ಯು. ಜೆ. ಸ್ಟುವರ್ಟ್ ಮಕೇ ಅವರು ಲಂಡನ್ನಿಗೆ ಹೋಗುವಂತೆ ಪ್ರೋತ್ಸಾಹಿಸಿದರು. ಪ್ರಯಾಣದ ಖರ್ಚಿನ ಹಣ ಕುದುರೆ ಜೂಜಿನಲ್ಲಿ ದೊರೆಯಿತೆಂಬ ಕಥೆ ಪ್ರಚಲಿತದಲ್ಲಿದೆ.

ಲಂಡನ್ ಮತ್ತು ಅಮೆರಿಕ

1904ರಲ್ಲಿ ಲಂಡನ್ ತಲುಪಿದ ಅಲೆಕ್ಸಾಂಡರ್ ರಂಗಭೂಮಿಯ ವಲಯದಲ್ಲಿ ಬೇಗನೆ ಪರಿಚಿತರಾದರು. ಹೆನ್ರಿ ಇರ್ವಿಂಗ್, ವಯೋಲಾ ಟ್ರೀ, ಲಿಲಿ ಬ್ರೇಟನ್, ಆಸ್ಕರ್ ಆಶ್ ಮೊದಲಾದ ನಟನಟಿಯರು ಅವರಿಂದ ಪಾಠ ಪಡೆದರು. ಮುಂದೆ ವಿಕ್ಟೋರಿಯಾ ಪ್ರದೇಶದ 16, ಆಶ್ಲಿ ಪ್ಲೇಸ್ ಎಂಬ ವಿಳಾಸದ ಮನೆ ಅವರ ಬೋಧನೆಯ ಕೇಂದ್ರವಾಯಿತು. 1914ರಲ್ಲಿ ಅವರು ಈಡಿತ್ ಅವರನ್ನು ವಿವಾಹವಾದರು.

ಅದೇ ವರ್ಷ ಅವರು ಮೊದಲ ಬಾರಿಗೆ ನ್ಯೂಯಾರ್ಕಿಗೆ ಹೋದರು. ಮುಂದಿನ ಒಂದು ದಶಕ ಇಂಗ್ಲೆಂಡ್ ಮತ್ತು ಅಮೆರಿಕಗಳ ನಡುವೆ ಓಡಾಡುತ್ತ ಬೋಧಿಸಿದರು. 1916ರಲ್ಲಿ ತತ್ತ್ವಶಾಸ್ತ್ರಜ್ಞ ಹಾಗೂ ಶಿಕ್ಷಣತಜ್ಞ ಜಾನ್ ಡ್ಯೂಯಿ ಅವರ ಪರಿಚಯವಾಯಿತು. ಡ್ಯೂಯಿ ಸ್ವತಃ ಪಾಠಗಳನ್ನು ಪಡೆದು, ಅಲೆಕ್ಸಾಂಡರರ ಮೂರು ಪುಸ್ತಕಗಳಿಗೆ ಮುನ್ನುಡಿ ಬರೆದರು. ನಾಟಕಕಾರ ಬರ್ನಾರ್ಡ್ ಷಾ, ಕಾದಂಬರಿಕಾರ ಆಲ್ಡಸ್ ಹಕ್ಸ್‌ಲಿ, ರಾಜಕಾರಣಿ ಸ್ಟ್ಯಾಫರ್ಡ್ ಕ್ರಿಪ್ಸ್ ಮತ್ತು ಸಂಗೀತ ನಿರ್ದೇಶಕ ಏಡ್ರಿಯನ್ ಬೋಲ್ಟ್ ಅವರ ಪ್ರಮುಖ ಶಿಷ್ಯರಲ್ಲಿ ಸೇರಿದ್ದಾರೆ. ಹಕ್ಸ್‌ಲಿಯವರ 1936ರ ಕಾದಂಬರಿ 'ಐಲೆಸ್ ಇನ್ ಗಾಝಾ'ದ ಮಿಲ್ಲರ್ ಎಂಬ ಪಾತ್ರಕ್ಕೆ ಅಲೆಕ್ಸಾಂಡರ್ ಭಾಗಶಃ ಮಾದರಿಯಾದರು.

ಕೃತಿಗಳು

ಅಲೆಕ್ಸಾಂಡರ್ ಅವರ ಪ್ರಮುಖ ಕೃತಿಗಳು ನಾಲ್ಕು:

ಮ್ಯಾನ್ಸ್ ಸುಪ್ರೀಮ್ ಇನ್‌ಹೆರಿಟೆನ್ಸ್ (1910, ವಿಸ್ತೃತ ಆವೃತ್ತಿ 1918)
ಕನ್‌ಸ್ಟ್ರಕ್ಟಿವ್ ಕಾನ್ಷಿಯಸ್ ಕಂಟ್ರೋಲ್ ಆಫ್ ದಿ ಇಂಡಿವಿಜುವಲ್ (1923)
ದಿ ಯೂಸ್ ಆಫ್ ದಿ ಸೆಲ್ಫ್ (1932)
ದಿ ಯೂನಿವರ್ಸಲ್ ಕಾನ್‌ಸ್ಟಂಟ್ ಇನ್ ಲಿವಿಂಗ್ (1941)

ಇವುಗಳಲ್ಲಿ ಮೂರನೆಯ ಕೃತಿಯೇ ಹೆಚ್ಚು ಓದಲ್ಪಟ್ಟಿದೆ. ಕನ್ನಡಿಯ ಪ್ರಯೋಗಗಳ ವಿವರ ಅದರ ಮೊದಲ ಅಧ್ಯಾಯದಲ್ಲಿದೆ. ಚೆಂಡಿನ ಮೇಲೆ ದೃಷ್ಟಿ ನಿಲ್ಲಿಸಲಾಗದ ಗಾಲ್ಫ್ ಆಟಗಾರ ಹಾಗೂ ತೊದಲುವ ವ್ಯಕ್ತಿಯ ಉದಾಹರಣೆಗಳನ್ನು ಅದೇ ಕೃತಿಯಲ್ಲಿ ಚರ್ಚಿಸಲಾಗಿದೆ. ಆರಂಭದ ಕೃತಿಗಳಲ್ಲಿ, ಅಂದಿನ ಯುರೋಪಿನಲ್ಲಿ ಹರಡಿದ್ದ ಜನಾಂಗೀಯ ಮೇಲು-ಕೀಳಿನ ಕಲ್ಪನೆಗಳೂ ಕಂಡುಬರುತ್ತವೆ. ಇವು ಅನಂತರದ ಓದುಗರಿಂದ, ಈ ವಿಧಾನದ ಶಿಕ್ಷಕರಿಂದಲೂ, ಟೀಕೆಗೆ ಒಳಗಾಗಿವೆ.

ವಿಧಾನದ ಮುಖ್ಯ ಅಂಶಗಳು

ಅಲೆಕ್ಸಾಂಡರ್ ತಮ್ಮ ಕೆಲಸವನ್ನು ಚಿಕಿತ್ಸೆಯೆಂದು ಕರೆಯದೆ ಮರುಶಿಕ್ಷಣವೆಂದು ಪರಿಗಣಿಸಿದರು. ಅದರ ಮುಖ್ಯ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು:

ಬಳಕೆ: ಮನಸ್ಸು ಮತ್ತು ದೇಹ ಬೇರೆಬೇರೆಯಲ್ಲ. ಒಬ್ಬನು ತನ್ನನ್ನು ಒಟ್ಟಾರೆಯಾಗಿ ಬಳಸುವ ರೀತಿಯು ಅವನ ಪ್ರತಿಯೊಂದು ಕೆಲಸದ ಮೇಲೂ ಪರಿಣಾಮ ಬೀರುತ್ತದೆ.

ಪ್ರಧಾನ ನಿಯಂತ್ರಣ: ತಲೆ, ಕುತ್ತಿಗೆ ಮತ್ತು ಬೆನ್ನುಗಳ ಸಂಬಂಧ ಕೆಟ್ಟರೆ ಉಳಿದ ಅಂಗಗಳ ಚಲನೆಯೂ ಕೆಡುತ್ತದೆ.

ತಡೆ: ಪ್ರಚೋದನೆಗೆ ಒಡನೆಯೇ ರೂಢಿಯಂತೆ ಪ್ರತಿಕ್ರಿಯಿಸದೆ ನಿಲ್ಲುವುದು.

ನಿರ್ದೇಶನ: ಸ್ನಾಯುಬಲ ಪ್ರಯೋಗಿಸದೆ, ದೇಹ ಸಾಗಬೇಕಾದ ದಿಕ್ಕನ್ನು ಮನಸ್ಸಿನಲ್ಲಿ ಸೂಚಿಸುವುದು.

ಗುರಿ ಮತ್ತು ಮಾರ್ಗ: ಫಲದ ಆತುರದಲ್ಲಿ ಗುರಿಯತ್ತ ಧಾವಿಸದೆ, ಅದನ್ನು ತಲುಪುವ ಪ್ರತಿಯೊಂದು ಹಂತದ ಕಡೆಗೂ ಗಮನ ಕೊಡುವುದು.

ಪಾಠಗಳು ಸಾಮಾನ್ಯವಾಗಿ ಒಬ್ಬ ಶಿಕ್ಷಕ ಮತ್ತು ಒಬ್ಬ ವಿದ್ಯಾರ್ಥಿಯ ನಡುವೆ ನಡೆಯುತ್ತವೆ. ಕುರ್ಚಿಯಿಂದ ಏಳುವುದು, ಕುಳಿತುಕೊಳ್ಳುವುದು, ಮಂಡಿ ಮತ್ತು ಸೊಂಟದ ಕೀಲುಗಳಲ್ಲಿ ಬಾಗಿ ನಿಲ್ಲುವುದು ಮುಂತಾದ ಸರಳ ಕ್ರಿಯೆಗಳ ಮೂಲಕ ಬೋಧನೆ ಸಾಗುತ್ತದೆ. ಉಸಿರಿನ ಶಿಕ್ಷಣಕ್ಕಾಗಿ 'ಆ' ಎಂಬ ಸ್ವರವನ್ನು ಪಿಸುಧ್ವನಿಯಲ್ಲಿ ಹೊರಬಿಡುವ ಅಭ್ಯಾಸವನ್ನು ಅಲೆಕ್ಸಾಂಡರ್ ರೂಪಿಸಿದ್ದರು.

ಶಾಲೆ ಮತ್ತು ಶಿಕ್ಷಕರ ತರಬೇತಿ

1924ರಲ್ಲಿ ಐರೀನ್ ಟ್ಯಾಸ್ಕರ್ ಅವರ ನೆರವಿನಿಂದ ಆಶ್ಲಿ ಪ್ಲೇಸಿನಲ್ಲಿ ಮಕ್ಕಳಿಗಾಗಿ ಚಿಕ್ಕ ಶಾಲೆಯೊಂದು ಆರಂಭವಾಯಿತು. ಇದು ಮುಂದೆ ಕೆಂಟ್ ಪ್ರಾಂತದ ಬೆಕ್ಸ್‌ಲಿಯಲ್ಲಿದ್ದ ಅಲೆಕ್ಸಾಂಡರರ ಪೆನ್‌ಹಿಲ್ ನಿವಾಸಕ್ಕೆ ಸ್ಥಳಾಂತರಗೊಂಡಿತು. 1931ರಲ್ಲಿ ಮೂರು ವರ್ಷಗಳ ಶಿಕ್ಷಕರ ತರಬೇತಿ ಪ್ರಾರಂಭವಾಯಿತು. ಪ್ಯಾಟ್ರಿಕ್ ಮ್ಯಾಕ್‌ಡೊನಾಲ್ಡ್ ಮತ್ತು ಅಮೆರಿಕದ ಮಾರ್ಜರಿ ಬಾರ್‌ಸ್ಟೋ ಮೊದಲ ತಂಡದಲ್ಲಿದ್ದರು. 1937ರಲ್ಲಿ 19 ಮಂದಿ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಪತ್ರ ಬರೆದು, ಈ ವಿಧಾನವನ್ನು ವೈದ್ಯಕೀಯ ಶಿಕ್ಷಣದಲ್ಲಿ ಸೇರಿಸುವ ಬಗ್ಗೆ ಪರಿಶೀಲಿಸಬೇಕೆಂದು ಕೋರಿದರು.

ಎರಡನೆಯ ಮಹಾಯುದ್ಧದ ಸಮಯದಲ್ಲಿ, 1940ರಲ್ಲಿ, ಅಲೆಕ್ಸಾಂಡರ್ ಶಾಲೆಯ ಮಕ್ಕಳೊಂದಿಗೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಟೋ ಎಂಬಲ್ಲಿಗೆ ತೆರಳಿದರು. 1943ರಲ್ಲಿ ಇಂಗ್ಲೆಂಡಿಗೆ ಮರಳಿದರು.

ಮಾನನಷ್ಟ ಮೊಕದ್ದಮೆ

ಐರೀನ್ ಟ್ಯಾಸ್ಕರ್ 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾಕ್ಕೆ ತೆರಳಿ ಜೋಹಾನ್ಸ್‌ಬರ್ಗಿನಲ್ಲಿ ಬೋಧಿಸತೊಡಗಿದ ಮೇಲೆ, ಅಲೆಕ್ಸಾಂಡರ್ ತಂತ್ರವನ್ನು ಶಾಲೆಗಳಲ್ಲಿ ಅಳವಡಿಸಬೇಕೆಂಬ ಮಾತು ಅಲ್ಲಿ ಕೇಳಿಬಂತು. 1944ರಲ್ಲಿ ಆ ದೇಶದ ಸರ್ಕಾರಿ ದೈಹಿಕ ಶಿಕ್ಷಣ ಪತ್ರಿಕೆಯಲ್ಲಿ ಅರ್ನ್‌ಸ್ಟ್ ಯೋಕ್ಲ್ ಅವರು ದೀರ್ಘ ಲೇಖನ ಬರೆದು ಈ ವಿಧಾನವನ್ನು ನಕಲಿ ವೈದ್ಯವೆಂದು ಜರೆದರು. ಅಲೆಕ್ಸಾಂಡರ್ ಮಾನನಷ್ಟ ಮೊಕದ್ದಮೆ ಹೂಡಿದರು.

ತೀರ್ಪು ಅವರ ವಿರುದ್ಧವಾದರೆ ಅರ್ಧ ಶತಮಾನದ ಕೆಲಸವೇ ವಂಚನೆಯೆಂಬ ಮುದ್ರೆ ಪಡೆಯುತ್ತಿತ್ತು. ವಿಚಾರಣೆಗೆ ಮುನ್ನ, 1947ರ ಡಿಸೆಂಬರ್‌ನಲ್ಲಿ, 78 ವರ್ಷದ ಅಲೆಕ್ಸಾಂಡರ್ ಪಾರ್ಶ್ವವಾಯುವಿಗೆ ತುತ್ತಾದರು. ಅದೇ ವರ್ಷ ತಮ್ಮ ಆಲ್ಬರ್ಟ್ ತೀರಿಕೊಂಡಿದ್ದರು. 1948ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ನಡೆದ ವಿಚಾರಣೆಗೆ ಅವರು ಹಾಜರಾಗಲಿಲ್ಲ. ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತು 1,000 ಪೌಂಡ್ ಪರಿಹಾರ ವಿಧಿಸಿತು. ಪ್ರತಿವಾದಿಗಳ ಮೇಲ್ಮನವಿ 1949ರಲ್ಲಿ ತಿರಸ್ಕೃತವಾಯಿತು. ಲೇಖನದ ಆರೋಪ ಸಾಬೀತಾಗಲಿಲ್ಲ ಎಂಬುದಷ್ಟೇ ಈ ತೀರ್ಪಿನಿಂದ ಸ್ಥಾಪಿತವಾಯಿತು. ವಿಧಾನದ ವೈಜ್ಞಾನಿಕ ಆಧಾರದ ಪ್ರಶ್ನೆ ಮುಂದೆಯೂ ಉಳಿಯಿತು.

ಕೊನೆಯ ವರ್ಷಗಳು

ಪಾರ್ಶ್ವವಾಯುವಿನಿಂದ ಅಲೆಕ್ಸಾಂಡರ್ ಗಮನಾರ್ಹವಾಗಿ ಚೇತರಿಸಿಕೊಂಡು ಬೋಧನೆಗೆ ಮರಳಿದರು. ಸಾವಿಗೆ ಕೆಲವೇ ದಿನಗಳ ಮುಂಚಿನವರೆಗೂ ಅವರು ಪಾಠ ಹೇಳುತ್ತಿದ್ದರು. 1955ರ ಅಕ್ಟೋಬರ್ 10ರಂದು ಲಂಡನ್ನಿನಲ್ಲಿ, 86ನೆಯ ವಯಸ್ಸಿನಲ್ಲಿ ನಿಧನರಾದರು. 1958ರಲ್ಲಿ ಅವರ ಶಿಷ್ಯರು ಈ ತಂತ್ರದ ಶಿಕ್ಷಕರ ಸಂಘವನ್ನು ಬ್ರಿಟನ್ನಿನಲ್ಲಿ ಸ್ಥಾಪಿಸಿದರು. ತರಬೇತಿಯ ಪರಂಪರೆಯನ್ನು ವಾಲ್ಟರ್ ಕ್ಯಾರಿಂಗ್ಟನ್, ಪ್ಯಾಟ್ರಿಕ್ ಮ್ಯಾಕ್‌ಡೊನಾಲ್ಡ್ ಹಾಗೂ ಅಲೆಕ್ಸಾಂಡರರ ಸೋದರ ಸೊಸೆ ಮಾರ್ಜರಿ ಬಾರ್ಲೋ ಮುಂದುವರಿಸಿದರು.

ಸಂಗೀತ ಶಿಕ್ಷಣದ ಮೇಲಿನ ಪ್ರಭಾವ

ಅಲೆಕ್ಸಾಂಡರ್ ತಮ್ಮ ಪುಸ್ತಕಗಳನ್ನು ಸಂಗೀತಗಾರರಿಗೆಂದೇ ಬರೆದವರಲ್ಲ. ಆದರೂ ಅವರ ವಿಧಾನ ಹೆಚ್ಚು ನೆಲೆಯೂರಿದ ಕ್ಷೇತ್ರಗಳಲ್ಲಿ ಸಂಗೀತವೂ ಒಂದು. ವಾದ್ಯಗಾರರು ಒಂದೇ ಬಗೆಯ ಸೂಕ್ಷ್ಮ ಚಲನೆಯನ್ನು ದಿನವೂ ಗಂಟೆಗಟ್ಟಲೆ ಪುನರಾವರ್ತಿಸುತ್ತಾರೆ. ಪಿಟೀಲು ವಾದಕರು ಭುಜ ಎತ್ತಿ ಗದ್ದದಿಂದ ವಾದ್ಯವನ್ನು ಬಿಗಿಯಾಗಿ ಒತ್ತುವುದು, ಪಿಯಾನೊ ವಾದಕರು ಕುತ್ತಿಗೆ ಮುಂದೆ ಚಾಚಿ ಮುಂಗೈಯನ್ನು ಬಿಗಿಹಿಡಿಯುವುದು, ಊದುವ ವಾದ್ಯದವರು ಪ್ರತಿ ಉಸಿರಿಗೂ ತಲೆಯನ್ನು ಹಿಂದಕ್ಕೆಳೆಯುವುದು ಸಾಮಾನ್ಯವಾಗಿ ಕಂಡುಬರುವ ರೂಢಿಗಳು. ಇಂತಹ ಬಿಗಿತದೊಂದಿಗೆ ಅಭ್ಯಾಸದ ಅವಧಿಯನ್ನು ಹೆಚ್ಚಿಸಿದರೆ ಸ್ವರದ ಜೊತೆಗೆ ಬಿಗಿತವೂ ಅಭ್ಯಾಸವಾಗುತ್ತದೆ. ನೋವು ಬಂದಾಗ ವಿಶ್ರಾಂತಿ ಪಡೆದು, ಅನಂತರ ಹಳೆಯ ರೀತಿಯಲ್ಲೇ ನುಡಿಸಿದರೆ, ಅಲೆಕ್ಸಾಂಡರರ ಕಂಠಕ್ಕೆ ಆದಂತೆ, ತೊಂದರೆ ಮರಳಿ ಬರಬಹುದು.

ಆದ್ದರಿಂದ ಈ ವಿಧಾನದ ಶಿಕ್ಷಕರು ವಾದ್ಯಗಾರರ ಅಭ್ಯಾಸಕ್ರಮವನ್ನೂ ಬದಲಿಸಲು ಪ್ರಯತ್ನಿಸುತ್ತಾರೆ. ವಾದ್ಯವನ್ನು ಕೈಗೆತ್ತಿಕೊಳ್ಳುವ ಕ್ಷಣದಲ್ಲೇ ಕುತ್ತಿಗೆ ಬಿಗಿಯುತ್ತದೆಯೇ ಎಂದು ಗಮನಿಸುವುದು, ಕಠಿಣ ಭಾಗದ ಮುನ್ನ ಕ್ಷಣಕಾಲ ನಿಲ್ಲುವುದು, ತಪ್ಪಿದ ಭಾಗವನ್ನು ಆತುರದಿಂದ ಮತ್ತೆ ಮತ್ತೆ ನುಡಿಸದೆ ಚಿಕ್ಕ ಹಂತಗಳಾಗಿ ಬಿಡಿಸಿಕೊಳ್ಳುವುದು, ಒಳಗಿನ ಅನಿಸಿಕೆಯನ್ನು ಕನ್ನಡಿಯೊಂದಿಗೆ ಹೋಲಿಸಿ ನೋಡುವುದು ಇದರಲ್ಲಿ ಸೇರಿವೆ.

ಮಾರ್ಜರಿ ಬಾರ್ಲೋ ಅವರ ಪತಿ, ವೈದ್ಯ ವಿಲ್‌ಫ್ರೆಡ್ ಬಾರ್ಲೋ 1950ರ ದಶಕದಲ್ಲಿ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ವಿದ್ಯಾರ್ಥಿಗಳ ದೇಹಭಂಗಿಯನ್ನು ಅಧ್ಯಯನ ಮಾಡಿದರು. ಅಮೆರಿಕದಲ್ಲಿ ಮಾರ್ಜರಿ ಬಾರ್‌ಸ್ಟೋ ಅನೇಕ ಸಂಗೀತಗಾರರಿಗೆ ಬೋಧಿಸಿದರು. ಅವರಿಂದ ಕಲಿತ, ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಚೆಲ್ಲೊ ಪ್ರಾಧ್ಯಾಪಕ ವಿಲಿಯಂ ಕೊನೇಬಲ್ 'ಬಾಡಿ ಮ್ಯಾಪಿಂಗ್' ಎಂಬ ಪೂರಕ ಕ್ರಮವನ್ನು ರೂಪಿಸಿದರು. ಕೀಲುಗಳು ಎಲ್ಲಿವೆ, ಹೇಗೆ ಚಲಿಸುತ್ತವೆ ಎಂಬ ಬಗ್ಗೆ ವಾದ್ಯಗಾರನ ಮನಸ್ಸಿನಲ್ಲಿರುವ ತಪ್ಪು ಕಲ್ಪನೆಯನ್ನು ತಿದ್ದಿದರೆ ಚಲನೆಯೂ ಸುಧಾರಿಸುತ್ತದೆ ಎಂಬುದು ಇದರ ತಿರುಳು.

ಸಂಶೋಧನೆ ಮತ್ತು ವಿಮರ್ಶೆ

ಪ್ರಾಣಿಗಳ ದೇಹಭಂಗಿಯಲ್ಲಿ ತಲೆಯ ಪಾತ್ರವನ್ನು ಕುರಿತ ರುಡಾಲ್ಫ್ ಮ್ಯಾಗ್ನಸ್ ಅವರ ಸಂಶೋಧನೆ ತಮ್ಮ ಸಿದ್ಧಾಂತವನ್ನು ಸಮರ್ಥಿಸುತ್ತದೆ ಎಂದು ಅಲೆಕ್ಸಾಂಡರ್ ಭಾವಿಸಿದ್ದರು. ಮೆದುಳಿನ ಭಾಗಗಳನ್ನು ತೆಗೆದ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಮನುಷ್ಯರ ಕಲಿಕೆಗೆ ನೇರವಾಗಿ ಅನ್ವಯಿಸಲಾಗದೆಂದು ವಿಮರ್ಶಕರು ಆಕ್ಷೇಪಿಸಿದರು. ಮತ್ತೊಂದೆಡೆ, 1973ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಪ್ರಾಣಿವರ್ತನ ವಿಜ್ಞಾನಿ ನಿಕೊಲಾಸ್ ಟಿನ್‌ಬರ್ಗನ್ ತಮ್ಮ ಪ್ರಶಸ್ತಿ ಉಪನ್ಯಾಸದ ದೊಡ್ಡ ಭಾಗವನ್ನು ಅಲೆಕ್ಸಾಂಡರರ ಕೆಲಸಕ್ಕೆ ಮೀಸಲಿಟ್ಟರು.

2008ರಲ್ಲಿ ಬ್ರಿಟನ್ನಿನಲ್ಲಿ ದೀರ್ಘಕಾಲದ ಬೆನ್ನುನೋವಿರುವ 579 ಮಂದಿಯ ಮೇಲೆ ನಡೆದ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. 24 ಪಾಠಗಳನ್ನು ಪಡೆದವರಲ್ಲಿ ಒಂದು ವರ್ಷದ ಅನಂತರವೂ ನೋವಿನ ದಿನಗಳು ಗಣನೀಯವಾಗಿ ಕಡಿಮೆಯಾಗಿದ್ದವು. ಆದರೆ ಇದು ಸಂಗೀತಗಾರರನ್ನು ಕುರಿತ ಅಧ್ಯಯನವಲ್ಲ. ಸಂಗೀತಗಾರರ ಮೇಲೆ ನಡೆದ ಪ್ರಯೋಗಗಳ 2014ರ ಸಮೀಕ್ಷೆಯೊಂದರ ಪ್ರಕಾರ, ಈ ಪಾಠಗಳು ವೇದಿಕೆಯ ಭಯವನ್ನು ಕಡಿಮೆ ಮಾಡಬಹುದು. ವಾದನದ ಗುಣಮಟ್ಟ, ಉಸಿರಾಟ ಮತ್ತು ದೇಹಭಂಗಿಯ ಮೇಲಿನ ಪರಿಣಾಮದ ಬಗ್ಗೆ ಖಚಿತವಾಗಿ ಹೇಳಲು ದೊರೆತ ಪುರಾವೆ ಸಾಲದು. ಈ ತಂತ್ರವು ಶಿಕ್ಷಣಕ್ರಮವಾದ್ದರಿಂದ, ನಿರಂತರ ನೋವು ಅಥವಾ ಮರಗಟ್ಟುವಿಕೆ ಇರುವ ಸಂಗೀತಗಾರರಿಗೆ ಇದು ವೈದ್ಯಕೀಯ ತಪಾಸಣೆಗೆ ಪರ್ಯಾಯವಾಗುವುದಿಲ್ಲ.